ಕೊಪ್ಪರಿಗೆ ಕಟ್ಟೆಯ ಕೂಲಿ

ನನ್ನ ಬಾಯಿ ಜೋರು ಎಂದು ತವರಿನಲ್ಲೂ ಹೇಳುತ್ತಿದ್ದರು, ಗಂಡನ ಮನೆಯಲ್ಲೂ ಹೇಳುತ್ತಿದ್ದರು, ಮುಂಬಯಿಯ ಚಾಳಿನಲ್ಲೂ ಹೇಳುತ್ತಿದ್ದರು. ಮೂರು ಕಡೆಯವರೂ ಒಂದೇ ಮಾತು ಹೇಳಿದ ಮೇಲೆ ಅದು ನಿಜವೇ ಇರಬೇಕು. ನಾನೇನೂ ಅದಕ್ಕೆ ನಾಚಿಕೊಂಡವಳಲ್ಲ. ಬಾಯಿದ್ದವರು ಬರಗಾಲದಲ್ಲೂ ಬದುಕಿದರು ಎಂದು ನಮ್ಮವ್ವ ಹೇಳುತ್ತಿದ್ದಳು. ಬರಗಾಲದ ಮಾತು ನನಗೆ ಗೊತ್ತಿಲ್ಲ, ಕೊರೋನಾ ಕಾಲದಲ್ಲಿ ನಾನು ಬದುಕಿದ್ದು ಹೇಗೆ ಎನ್ನುವುದನ್ನು ಹೇಳಬಲ್ಲೆ.

ನಾನು ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನಲ್ಲಿ, ಬಿಂಡಿಗನವಿಲೆಗೆ ಎರಡು ಮೈಲಿಯ ಊರು. ಕೊಟ್ಟಿದ್ದು ಕೆ.ಆರ್.ಪೇಟೆ ಕಡೆಗೆ, ಹೊಸಹೊಳಲಿನಿಂದ ಆಚೆಗೆ. ಎರಡೂ ಕಡೆ ಮಳೆ ಬಂದರೆ ರಾಗಿ, ಬರದಿದ್ದರೆ ಬೊಂಬಾಯಿ. ನಮ್ಮ ಸೀಮೆಯವರಿಗೆ ಬೊಂಬಾಯಿ ಅಂದರೆ ದೂರದೂರೇ ಅಲ್ಲ. ಒಂದೊಂದು ಊರಿನಿಂದಲೂ ಹತ್ತಾರು ಮನೆಯವರು ಅಲ್ಲಿ ಹೋಟೆಲಿನಲ್ಲೋ ಆಟೋದಲ್ಲೋ ದುಡಿಯುತ್ತಿದ್ದಾರೆ. ಮದುವೆಯಾದ ಮರುವರ್ಷ ನಾವೂ ಹೋದೆವು. ನನ್ನ ಗಂಡ ಇಡ್ಲಿ ಗಾಡಿಯವರ ಹತ್ತಿರ ಸೇರಿಕೊಂಡ. ನಾನು ಚಿಕ್ಕಿ ಮಾಡುವ ಕಾರ್ಖಾನೆಗೆ ಸೇರಿದೆ. ಕಾರ್ಖಾನೆ ಅಂದರೆ ಏನು ಮಹಾ, ಒಂದು ತಗಡಿನ ಶೆಡ್ಡು, ನಾಲ್ಕು ಒಲೆ, ಹತ್ತು ಹೆಂಗಸರು. ಮೊದಲು ಹುರಿದ ಕಡಲೆಕಾಯಿ ಬೀಜದ ಹೊಟ್ಟು ತೂರಿದೆ, ಆಮೇಲೆ ಲಟ್ಟಣಿಗೆ ಹಿಡಿದೆ, ಕೊನೆಗೆ ಬಾಣಲೆಯ ಮುಂದೆ ನಿಂತೆ. ಪಾಕ ಎಲ್ಲಿಗೆ ಬಂದಿದೆ ಎನ್ನುವುದನ್ನು ಮುಖ ತಿರುಗಿಸಿಕೊಂಡೇ ವಾಸನೆಯಲ್ಲಿ ಹೇಳುತ್ತಿದ್ದೆ. ಹನ್ನೊಂದು ವರ್ಷ ಅದೇ ಕೆಲಸ. ಸುತ್ತ ಇದ್ದವರೆಲ್ಲ ಉತ್ತರದ ಕಡೆಯವರು, ಹಾಗಾಗಿ ಹಿಂದಿಯೂ ಬಂತು. ಬೈಗುಳದಿಂದ ಶುರುವಾಗಿ ಉಳಿದದ್ದು ತಾನಾಗಿಯೇ ಹಿಂದೆ ಬಂತು.

ಲಾಕ್‌ಡೌನ್ ಅಂದ ದಿನ ಶೆಡ್ಡಿನವನು ಬೀಗ ಹಾಕಿ ಫೋನ್ ಆಫ್ ಮಾಡಿಕೊಂಡ. ಒಂದೇ ಕೋಣೆಯಲ್ಲಿ ಕೂತು ಕೂಡಿಟ್ಟದ್ದನ್ನೆಲ್ಲ ತಿಂದು ಮುಗಿಸಿದೆವು. ಊರಿಗೆ ಹೋಗಲು ಪಾಸು ಸಿಕ್ಕಿದಾಗ ಹನ್ನೆರಡು ಜನ ಸೇರಿ ಒಂದು ಟೆಂಪೋ ಮಾಡಿಕೊಂಡು ಹೊರಟೆವು. ಊರು ಮುಟ್ಟುವ ಮೊದಲೇ ನಮ್ಮನ್ನು ಇಳಿಸಿ, ಮೂಗಿಗೆ ಗಂಟಲಿಗೆ ಕಡ್ಡಿ ಹಾಕಿ, ಒಂದು ಹಾಸ್ಟೆಲಿಗೆ ತುಂಬಿದರು. ಊಟ ತರುವವನು ಪೊಟ್ಟಣಗಳನ್ನು ಗೇಟಿನಾಚೆ ಇಟ್ಟು, ನಾಯಿ ಕರೆಯುವ ಹಾಗೆ ಶಿಳ್ಳೆ ಹಾಕುತ್ತಿದ್ದ. ಮೂರನೆಯ ದಿನ ನಾನು ಕಿಟಕಿಯಲ್ಲಿ ನಿಂತು ಕೂಗಿದೆ: “ಲೋ, ನಮ್ಮಪ್ಪ ಅವ್ವ ಇಟ್ಟಿರೋ ಎಸ್ರು ಅದೆ ಕಣ್ಲಾ ನಂಗೆ! ಇನ್ನೊಂದ್ಸಲ ಶಿಳ್ಳೆ ಒಡುದ್ರೆ ಗೇಟು ಆರ್ಕಂಡು ಬಂದು ನಿನ್ನೇ ತಬ್ಕೊಬುಡ್ತೀನಿ!” ಮಾರನೆಯ ದಿನದಿಂದ ಅವನು “ಅಕ್ಕಾ, ಊಟ” ಎಂದು ಕರೆಯತೊಡಗಿದ.

ರೋಗ ಇಲ್ಲ ಎಂದು ಚೀಟಿ ಬಂತು. ಚೀಟಿ ಬಂದರೇನು, ಊರು ನಂಬಬೇಕಲ್ಲ! ಅಂಗಡಿಯವನು ನನ್ನ ನೋಟನ್ನು ಕಡ್ಡಿಯಲ್ಲಿ ಎಳೆದುಕೊಂಡು ಬಿಸಿಲಿಗೆ ಹಾಕಿದ. ಕೊಳಾಯಿಯ ಹತ್ತಿರ ನನ್ನ ಬಿಂದಿಗೆ ಕಂಡ ಕೂಡಲೇ “ಬೊಂಬಾಯೋಳು ಬಂದ್ಲು” ಎಂದು ಸಾಲೇ ಹಿಂದಕ್ಕೆ ಸರಿಯಿತು. ಹಬ್ಬಕ್ಕೆ ಬಂದಾಗ ಚಿಕ್ಕಿ ಪೊಟ್ಟಣಕ್ಕೆ ಕೈಯೊಡ್ಡುತ್ತಿದ್ದವರೂ ಇವರೇ. ಹೊಟ್ಟೆ ಉರಿದುಹೋಯಿತು. ಯಾರೂ ತಮ್ಮ ಗದ್ದೆಗೆ ನಮ್ಮನ್ನು ಕೂಲಿಗೆ ಕರೆಯಲಿಲ್ಲ. ಮನೆಯಲ್ಲಿದ್ದ ರಾಗಿ ಎಷ್ಟು ದಿನ ಬಂದೀತು ಎಂದು ಅತ್ತೆ ಮೊರದಲ್ಲಿ ಅಳೆಯುವುದನ್ನು ನೋಡಿದ ಮೇಲೆ, ಇಲ್ಲಿ ಇನ್ನು ಕೂರಬಾರದು ಎಂದು ತೀರ್ಮಾನ ಮಾಡಿದೆ.

ಪಾಂಡವಪುರದ ಕಡೆ ಆಲೆಮನೆಗಳಲ್ಲಿ ಆಳಿಲ್ಲ ಎನ್ನುವ ಸುದ್ದಿಯನ್ನು ನನ್ನ ಗಂಡ ತಂದ. ಅಲ್ಲಿ ಕೆಲವು ವರ್ಷಗಳಿಂದ ಬೆಲ್ಲ ಬೇಯಿಸುತ್ತಿದ್ದವರು ಉತ್ತರದಿಂದ ಬಂದ ಕೂಲಿಯವರು. ಅವರನ್ನು ಎಲ್ಲರೂ ಭಯ್ಯಗಳು ಎನ್ನುತ್ತಿದ್ದರು. ಲಾಕ್‌ಡೌನಿನಲ್ಲಿ ಅವರೆಲ್ಲ ಸಿಕ್ಕ ಲಾರಿ ಹತ್ತಿ, ಸಿಗದ ಕಡೆ ನಡೆದು, ತಮ್ಮೂರು ಸೇರಿಕೊಂಡಿದ್ದರು. ನಾವು ಬಂದ ದಾರಿಯಲ್ಲೇ ಅವರು ಎದುರಾಗಿ ಹೋಗಿರಬೇಕು.

ಆಲೆಮನೆಯ ಯಜಮಾನರು ಮಾಸ್ಕನ್ನು ಗಡ್ಡಕ್ಕೆ ಇಳಿಸಿಕೊಂಡು ಎಲೆಅಡಿಕೆ ಜಗಿಯುತ್ತಾ ಕೂತಿದ್ದರು. ಐವತ್ತು ದಾಟಿದ ಮನುಷ್ಯ, ಮಾತಿನಲ್ಲಿ ಬೆಲ್ಲ, ವ್ಯವಹಾರದಲ್ಲಿ ಗಾಣ.

“ಎಲ್ಲಿಂದ ಬಂದ್ರಿ?” ಎಂದರು.

“ಕೆ.ಆರ್.ಪೇಟೆಯಿಂದ.”

“ಅದ್ಕೂ ಮುಂಚೆ?”

“ಬೊಂಬಾಯಿ,” ಎಂದೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

ಯಜಮಾನರು ಎದ್ದು ಎರಡು ಹೆಜ್ಜೆ ಹಿಂದೆ ಹೋದರು. ಆಮೇಲೆ ಅಂಗಳದಲ್ಲಿ ಒಣಗುತ್ತಿದ್ದ ಕಬ್ಬಿನ ರಾಶಿಯನ್ನು ಒಂದು ಸಲ ನೋಡಿ, ಒಂದು ಹೆಜ್ಜೆ ಮುಂದೆ ಬಂದರು. ಕಡಿದ ಕಬ್ಬು ಯಾರಿಗೂ ಕಾಯುವುದಿಲ್ಲ. ಎರಡು ದಿನ ಬಿಟ್ಟರೆ ಹಿಂಡಿದಾಗ ಬರುವ ಹಾಲು ಕಡಿಮೆ, ನಾಲ್ಕು ದಿನ ಬಿಟ್ಟರೆ ಬರೀ ಸೌದೆ.

ಭಯ್ಯಗಳು ಬಿಟ್ಟುಹೋದ ತಗಡಿನ ಶೆಡ್ಡನ್ನೇ ನಮಗೆ ಕೊಟ್ಟರು. ಒಳಗೆ ಅವರ ರೊಟ್ಟಿ ತವ, ಒಂದು ಸೀಳಿದ ಚಪ್ಪಲಿ, ಗೋಡೆಗೆ ಅಂಟಿಸಿದ ಹನುಮಂತನ ಪಟ ಹಾಗೇ ಇದ್ದವು. ಮುಂಬಯಿಯ ನಮ್ಮ ಕೋಣೆಯಲ್ಲೂ ಈಗ ಇನ್ಯಾರೋ ನಮ್ಮ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿರಬಹುದು ಎಂದು ನನ್ನ ಗಂಡ ಹೇಳಿದ. ನಮ್ಮ ಊರಿಗೆ ಒಂದೂವರೆ ಗಂಟೆ ದಾರಿಯಲ್ಲಿ, ನಮ್ಮದೇ ಜಿಲ್ಲೆಯಲ್ಲಿ, ನಾವು ಪರದೇಶಿಗಳಾಗಿ ಸಂಸಾರ ಹೂಡಿದೆವು.

ಗಂಡನನ್ನು ಗಾಣಕ್ಕೆ ಕಬ್ಬು ಕೊಡಲು ಹಾಕಿದರು. ನನ್ನನ್ನು ಹಿಂಡಿದ ಸಿಪ್ಪೆ ಹೊತ್ತು ಬಿಸಿಲಿಗೆ ಹರಡುವ ಹೆಂಗಸರ ಜೊತೆ ಬಿಟ್ಟರು. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ಆ ಕೆಲಸಕ್ಕೆ ಹೆಣ್ಣಾಳಿನ ಕೂಲಿ. ಅದೇ ಅಂಗಳದಲ್ಲಿ ಅದೇ ಹೊರೆ ಹೊರುವ ಗಂಡಸಿಗೆ ಗಂಡಾಳಿನ ಕೂಲಿ. ಎಲ್ಲಕ್ಕಿಂತ ಹೆಚ್ಚು ಕೂಲಿ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಹದ ನೋಡುವವನಿಗೆ. ಎರಡು ಕೊಪ್ಪರಿಗೆಗಳಿದ್ದವು, ಒಂದಕ್ಕೆ ಮಾತ್ರ ಬೆಂಕಿ. ಹದ ನೋಡುವ ಭಯ್ಯನೇ ಇಲ್ಲದ ಕಾರಣ ಯಜಮಾನರು ತಾವೇ ಸೌಟು ಹಿಡಿದು ನಿಂತಿದ್ದರು. ಅವರ ಅಪ್ಪನ ಕಾಲದಲ್ಲಿ ಮನೆಯವರೇ ಬೆಲ್ಲ ಬೇಯಿಸುತ್ತಿದ್ದರಂತೆ. ಮಗ ಕಲಿತದ್ದು ಬೆಲ್ಲ ಮಾರುವುದನ್ನು ಮಾತ್ರ. ಮೂರು ದಿನ ಇಳಿಸಿದ ಬೆಲ್ಲವೆಲ್ಲ ಅಚ್ಚಿನಿಂದ ಹೊರಗೆ ಬರುತ್ತಲೇ ಬೆವರಿ ನೀರೊಡೆಯಿತು. ಕೊಳ್ಳಲು ಬಂದ ಮಂಡಿಯವನು ಬೆರಳಲ್ಲಿ ಒತ್ತಿ ನೋಡಿ, ಬೆರಳು ಒರೆಸಿಕೊಂಡು ಗಾಡಿ ಹತ್ತಿದ.

ನಾಲ್ಕನೆಯ ದಿನ ನಾನು ಸಿಪ್ಪೆ ಹೊತ್ತು ಹೋಗುತ್ತಿದ್ದೆ. ಯಜಮಾನರು ಪಾಕ ಇಳಿಸಲು ಕೂಗು ಹಾಕಿದರು. ವಾಸನೆ ಇನ್ನೂ ಹಸಿ.

“ಇನ್ನೂ ಆಗಿಲ್ಲ ಬುಡಿ ಯಜಮಾನ್ರೇ,” ಎಂದೆ.

“ನಿಂಗೇನವ್ವ ಗೊತ್ತು?”

“ಅನ್ನೊಂದ್ ವರ್ಸ ಪಾಕದ ಮುಂದೆ ನಿಂತಿವ್ನಿ. ಸೌಟು ಕೊಡಿ ಇಲ್ಲಿ.”

“ಎಂಗ್ಸು ಕೊಪ್ಪರ್ಗೆ ಕಟ್ಟೆ ಅತ್ತುದ್ರೆ ಬೆಲ್ಲ ಒಡುದೋಯ್ತದೆ ಕಣವ್ವ. ಇಂದ್ಲಿಂದ್ಲೂ ಯಾರೂ ಅತ್ತಿಲ್ಲ.”

“ನೀವು ಅತ್ತುದ್ರೂ ಒಡುದೋಗ್ತಾನೇ ಅದಲ್ಲ!”

ಸಿಪ್ಪೆ ಹರಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ನನ್ನ ಗಂಡ ಗಾಣದ ಹತ್ತಿರದಿಂದ ಸುಮ್ಮನಿರು ಎಂದು ಕಣ್ಣು ಬಿಟ್ಟ. ಯಜಮಾನರ ಮುಖ ಕೆಂಪಾಯಿತು. ಆದರೆ ವ್ಯವಹಾರಸ್ಥ ಮನುಷ್ಯ, ಸಿಟ್ಟಿಗಿಂತ ನಷ್ಟ ದೊಡ್ಡದು ಎಂದು ಗೊತ್ತಿತ್ತು. ಸೌಟನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದರು.

ಮೊದಲ ಕೊಪ್ಪರಿಗೆಯಲ್ಲೇ ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡಬೇಕು. ಚಿಕ್ಕಿಗೆ ಪಾಕ ಯಾವಾಗ ಸರಿಯೆಂದರೆ, ಒಂದು ತೊಟ್ಟು ನೀರಿಗೆ ಬಿಟ್ಟು ತೆಗೆದು ಮುರಿದರೆ ಟಕ್ಕನೆ ಗಾಜಿನ ಹಾಗೆ ಮುರಿಯಬೇಕು. ಬೆಲ್ಲಕ್ಕೆ ಅಷ್ಟು ಹೋಗಬಾರದು. ನೀರಲ್ಲಿ ಬೆರಳಿಗೆ ಉಂಡೆ ಕಟ್ಟಿದರೆ ಸಾಕು, ಒಲೆಯಿಂದ ಇಳಿಸಿಬಿಡಬೇಕು. ಹನ್ನೊಂದು ವರ್ಷದ ಕೈ ನನ್ನದು. ಉಂಡೆ ಕಟ್ಟಿದ್ದು ಕಂಡರೂ “ಇನ್ನೂ ಎಳೇದು” ಎಂದು ಉರಿ ಹಾಕಿಸಿದೆ. ಟಕ್ಕನೆ ಮುರಿದಾಗ ದೊಡ್ಡ ಗತ್ತಿನಲ್ಲಿ “ಇಳುಸ್ರೋ!” ಎಂದೆ. ಅರ್ಧ ಅಚ್ಚು ತುಂಬುವಷ್ಟರಲ್ಲಿ ಉಳಿದ ಪಾಕ ಇಳಿಸಿ ಸುರಿದಿದ್ದ ತೊಟ್ಟಿಯಲ್ಲೇ ಗಟ್ಟಿಯಾಯಿತು. ಅಚ್ಚು ಮಗುಚಿ ಬಡಿದರೆ ಅಚ್ಚಿನ ಮರ ಸೀಳಿತೇ ಹೊರತು ಬೆಲ್ಲ ಕದಲಲಿಲ್ಲ. ಕೊನೆಗೆ ಹಾರೆ ತಂದು ಒಡೆದರು. ಯಜಮಾನರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು, ದವಡೆ ಹಿಡಿದುಕೊಂಡು ಕೂತರು.

“ಮನೆ ಕಟ್ಟೋಕೆ ಆಯ್ತದೆ ಕಣವ್ವ, ತಿನ್ನೋಕಾಗಲ್ಲ,” ಎಂದರು.

ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಆದರೂ ಕಟ್ಟೆ ಇಳಿಯಲಿಲ್ಲ. ಒಡೆದ ಚೂರನ್ನೆಲ್ಲ ಮುಂದಿನ ಕಬ್ಬಿನ ಹಾಲಿಗೆ ಹಾಕಿ ಕರಗಿಸಿ, ಉಂಡೆ ಕಟ್ಟುತ್ತಲೇ ಕಣ್ಣು ಮುಚ್ಚಿ ಇಳಿಸಿದೆ. ಆ ಬೆಲ್ಲ ಅಚ್ಚಿನಿಂದ ತಾನಾಗಿಯೇ ಜಾರಿ ಬಂತು, ಬಣ್ಣ ಒಳ್ಳೇ ಜೇನಿನದು. ಗಾಡಿ ಹತ್ತಿ ಹೋಗಿದ್ದ ಮಂಡಿಯವನು ವಾರದೊಳಗೆ ತಿರುಗಿ ಬಂದ. ಅವತ್ತಿನಿಂದ ಕೊಪ್ಪರಿಗೆ ಕಟ್ಟೆ ನನ್ನದಾಯಿತು.

ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ. ದಾರಿಹೋಕನೇ ಆಗಲಿ, ಒಂದು ಲೋಟ ಕಬ್ಬಿನ ಹಾಲು, ಒಂದು ತುಣುಕು ಬಿಸಿ ಬೆಲ್ಲ ಕೊಡಲೇಬೇಕು, ಅದನ್ನು ಹದ ನೋಡುವವರ ಕೈಯಿಂದಲೇ ಕೊಡಬೇಕು. ಮೊದಮೊದಲು ನಾನು ಕೈ ನೀಡಿದರೆ ಜನ “ಬ್ಯಾಡ ಬುಡಿ, ಸಕ್ಕರೆ ಕಾಯ್ಲೆ” ಎನ್ನುತ್ತಿದ್ದರು. ಒಂದೇ ವಾರದಲ್ಲಿ ಇಡೀ ಪಾಂಡವಪುರಕ್ಕೆ ಸಕ್ಕರೆ ಕಾಯಿಲೆ ಬಂದಿತ್ತು! ನಾನು ಬಿಡಲಿಲ್ಲ. ಬಂದವರ ಎದುರಿಗೇ ಒಂದು ತುಣುಕು ಬಾಯಿಗೆ ಹಾಕಿಕೊಂಡು ಚಪ್ಪರಿಸಿ, ಇನ್ನೊಂದನ್ನು ಕಬ್ಬಿನ ಗರಿಯ ಮೇಲಿಟ್ಟು ಚಾಚಿದೆ. ಒಂದು ದಿನ ಶ್ರೀರಂಗಪಟ್ಟಣದ ಕಡೆಯಿಂದ ಕಬ್ಬಿನ ಟ್ರಾಕ್ಟರು ತರುತ್ತಿದ್ದ ಮುದುಕರೊಬ್ಬರು, “ಸಾಯೋದಾದ್ರೆ ಸಿಹಿ ತಿಂದೇ ಸಾಯಾಣ ತಗೋ ಮಗಾ” ಎಂದು ಕೈಯೊಡ್ಡಿದರು. ಅವರು ಸಾಯಲಿಲ್ಲ. ಮಾರನೆಯ ದಿನ ಮತ್ತೆ ಬಂದು ಎರಡು ತುಣುಕು ಕೇಳಿದರು. ಆಮೇಲೆ ಎಲ್ಲರ ಸಕ್ಕರೆ ಕಾಯಿಲೆಯೂ ವಾಸಿಯಾಯಿತು.

ಕೂಲಿಯ ಮಾತನ್ನು ಮೊದಲ ವಾರವೇ ಆಡಿದ್ದೆ. “ಅದ ನೋಡೋ ಭಯ್ಯಂಗೆ ಎಷ್ಟು ಕೊಡ್ತಿದ್ರೋ ನಂಗೂ ಅಷ್ಟೇ ಕೊಡ್ಬೇಕು,” ಎಂದೆ. ಯಜಮಾನರು ಎದೆ ಮುಟ್ಟಿಕೊಂಡು, “ಅವ್ನ್ಗೂ ಇಷ್ಟೇಯ ಕೊಡ್ತಿದ್ದಿದ್ದು ಕಣವ್ವ, ನಿಂಗೊಂದು ಕಾಸು ಕಮ್ಮಿ ಮಾಡಾಕಿಲ್ಲ,” ಎಂದು ಒಂದು ಲೆಕ್ಕ ಹೇಳಿದರು. ಹೆಣ್ಣಾಳಿನ ಕೂಲಿಗಿಂತ ಅದು ಎಷ್ಟೋ ಹೆಚ್ಚು. ನಾನು ಬೀಗಿದೆ. ಗಂಡಸಿನ ಸಮಕ್ಕೆ ದುಡಿಯುವವಳು ಎಂದು ತವರಿಗೆಲ್ಲ ಫೋನ್ ಮಾಡಿ ಹೇಳಿದೆ. ಸಿಪ್ಪೆಯ ಹೆಂಗಸರಿಗೂ ಹೇಳಿದೆ, ಅವರಿಗೂ ಗಂಡಾಳಿನ ಸಮ ಕೇಳಿ ಎಂದು ಕುಮ್ಮಕ್ಕು ಕೊಟ್ಟೆ. ಅವರ ಆ ಜಗಳ ಇವತ್ತಿಗೂ ಮುಗಿದಿಲ್ಲ. ನಾನೂ ಬಿಟ್ಟಿಲ್ಲ.

ಮಳೆಗಾಲ ಕಳೆದು ಚಳಿ ಶುರುವಾಯಿತು. ರೈಲುಗಳು ಮತ್ತೆ ಓಡತೊಡಗಿದ್ದವು. ಒಂದು ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಮನುಷ್ಯ ಅಂಗಳಕ್ಕೆ ಬಂದು ನಿಂತ. ಒಣಗಿದ ಮುಖ, ಮೊಣಕೈ ತನಕ ಹಳೆಯ ಸುಟ್ಟ ಕಲೆಗಳು. ಆ ಕಲೆ ಕಂಡರೆ ಪಾಕದ ಮುಂದೆ ನಿಂತವರಿಗೆ ಗೊತ್ತಾಗುತ್ತದೆ. ನನ್ನ ಕೈಯಲ್ಲೂ ಇವೆ. ಹದ ನೋಡುತ್ತಿದ್ದ ಭಯ್ಯ ಇವನೇ ಎಂದು ಯಾರೂ ಹೇಳಬೇಕಾಗಲಿಲ್ಲ.

ಯಜಮಾನರ ಮುಖ ಅರಳಿತು. ಆದರೆ ಮಾತಾಡುವುದು ಹೇಗೆ? ಭಯ್ಯಗಳ ಪರವಾಗಿ ಮೊದಲು ಮಾತಾಡುತ್ತಿದ್ದವನು ಅವರ ಮೇಸ್ತ್ರಿ, ಅವನು ತಿರುಗಿ ಬಂದಿರಲಿಲ್ಲ. ಇವನಿಗೆ ಮೂರು ವರ್ಷ ಇಲ್ಲಿದ್ದರೂ ಬೆಲ್ಲ, ಬೆಂಕಿ, ಊಟ ಬಿಟ್ಟರೆ ಕನ್ನಡ ಬಾರದು. ಯಜಮಾನರಿಗೆ ಹಿಂದಿ ಸುತರಾಂ ಬಾರದು.

“ಬಾರವ್ವ ಇಲ್ಲಿ,” ಎಂದು ನನ್ನನ್ನು ಕಟ್ಟೆಯಿಂದ ಕರೆದರು. “ನಿಂಗೆ ಇಂದಿ ಬತ್ತದಲ್ಲ, ಸ್ವಲ್ಪ ಏಳು ಇವ್ನಿಗೆ. ಮೊದ್ಲಿನಂಗೇ ಕೊಪ್ಪರ್ಗೆ ನೋಡ್ಕಳ್ಲಿ. ಆದ್ರೆ ಮೊದ್ಲು ಕೊಡ್ತಿದ್ದದ್ರಾಗೆ ಅರ್ಧ ಅಷ್ಟೇಯ.”

“ಅಂಗಾರೆ ನಾನು?” ಎಂದೆ.

“ನೀನು ಸಿಪ್ಪೆ ಕೆಲ್ಸಕ್ಕೆ ಓಗವ್ವ. ನಿನ್ನೇನು ಕೆಲ್ಸದಿಂದ ತೆಗಿತೀನಾ? ಅವ್ನಾದ್ರೆ ಗಂಡ್ಸು, ರಾತ್ರಿ ಅಗಲು ಅನ್ನಾಕಿಲ್ಲ, ಅಬ್ಬ ಅರಿದಿನ ಅಂತ ಊರ್ಗೋಯ್ತೀನಿ ಅನ್ನಾಕಿಲ್ಲ. ಈಗ ಎಲ್ಲೂ ಕೆಲ್ಸಿಲ್ಲ, ಎಷ್ಟು ಕೊಟ್ರೂ ಇರ್ತಾನೆ. ಗಾಳಿ ಬಂದಾಗ ತೂರ್ಕೋಬೇಕು ಕಣವ್ವ.”

ನನ್ನ ಕೆಲಸ ಕಿತ್ತುಕೊಳ್ಳುವ ಮಾತನ್ನು ನನ್ನ ಬಾಯಲ್ಲೇ ಹೇಳಿಸುತ್ತಿದ್ದಾರೆ! ಮೈಯೆಲ್ಲ ಉರಿಯಿತು. ಆದರೂ ಒಂದಕ್ಷರ ಬದಲಿಸದೆ ಹಿಂದಿಯಲ್ಲಿ ಹೇಳಿದೆ. ಹಳೆಯದರಲ್ಲಿ ಅರ್ಧ, ಒಪ್ಪಿದರೆ ಇವತ್ತಿನಿಂದಲೇ ಕೊಪ್ಪರಿಗೆ ನಿನ್ನದು ಎಂದೆ. ಈಗ ಆ ಜಾಗದಲ್ಲಿ ಇರುವವಳು ನಾನು ಎಂದೂ ಹೇಳಿದೆ.

ಅವನು ನನ್ನ ಕೈಯ ಕಲೆಗಳನ್ನು ನೋಡಿದ. ಆಮೇಲೆ ಅರ್ಧ ಎಂದರೆ ಎಷ್ಟಾಗುತ್ತದೆ ಎಂದು ತನಗೆ ತಾನೇ ಬಾಯಲ್ಲಿ ಹೇಳಿಕೊಂಡ.

ಅವನ ಬಾಯಿಂದ ಬಂದದ್ದು ನನ್ನ ಕೂಲಿ. ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಅಂದರೆ ಅವನಿಗೆ ಕೊಡುತ್ತಿದ್ದುದು ಅದರ ಎರಡರಷ್ಟು. ಯಜಮಾನರು ಎದೆ ಮುಟ್ಟಿಕೊಂಡು ಹೇಳಿದ್ದು ಹಸಿ ಸುಳ್ಳು. ಇಷ್ಟು ತಿಂಗಳು ನಾನು ಗಂಡಸಿನ ಸಮ ಎಂದು ಊರೆಲ್ಲ ಸಾರಿಕೊಂಡು, ಅರ್ಧ ಕೂಲಿಗೆ ಬೆಲ್ಲ ಬೇಯಿಸಿದ್ದೆ. ಥೂ ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ಯಜಮಾನರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟೇ ಹೆಚ್ಚು.

ಅಷ್ಟರಲ್ಲಿ ಅವನು ತಲೆ ತಗ್ಗಿಸಿ ಮೆಲ್ಲಗೆ ಹೇಳಿದ. ಊರಲ್ಲಿ ಆರು ತಿಂಗಳು ಕೂಲಿ ಸಿಗಲಿಲ್ಲ, ರೈಲಿಗೆ ಹೆಂಡತಿಯ ಕಾಲ್ಗೆಜ್ಜೆ ಮಾರಿ ಬಂದಿದ್ದೇನೆ, ನಿಮ್ಮ ಜಾಗ ಎಂದು ಗೊತ್ತು, ಕ್ಷಮಿಸಿ. “ಆದರೂ ಹ್ಞೂಂ ಅಂದುಬಿಡಿ ದೀದಿ. ಅರ್ಧವೇ ಸರಿ.”

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವನು ನಿಂತಿದ್ದ ಹಾಗೆಯೇ ಮುಂಬಯಿಯಲ್ಲಿ ನಾನೂ ನಿಂತಿದ್ದೆ, ಇನ್ಯಾರದೋ ಒಲೆಯ ಮುಂದೆ, ಇನ್ಯಾರಿಗಿಂತಲೋ ಕಡಿಮೆಗೆ ಒಪ್ಪಿಕೊಂಡು.

“ಏನಂತೆ?” ಎಂದರು ಯಜಮಾನರು.

ನಾನು ಬೇಕೆಂದೇ ಅವನಿಗೆ ತಿಳಿಯಬಹುದಾದ ಒಂದು ಮಾತನ್ನೂ ಬಳಸದೆ, ಅಪ್ಪಟ ನಮ್ಮೂರ ಕನ್ನಡದಲ್ಲಿ ಹೇಳಿದೆ: “ಮೊದ್ಲು ಕೊಡ್ತಿದ್ದಷ್ಟೂ ಕೊಟ್ರೇನೇ ಇರೋದಂತೆ. ಎಷ್ಟು ಕೊಡ್ತಿದ್ರಿ ಅಂತ್ಲೂ ಏಳ್ದ. ನನ್ನ ಎರಡ್ರಷ್ಟು! ನಿಮ್ಮ ಬಾಯ್ಗೆ ಉಳ ಬೀಳಾ, ಅಂಗಾ ನಂಬ್ಸೋದು? ಈ ಅಕ್ಕಂಗೂ ಅಷ್ಟೇ ಕೊಡ್ಬೇಕು, ಇಲ್ದಿದ್ರೆ ಇಬ್ರೂ ಆಚೆ ಆಲೆಮನೆಗೆ ಓಗಾಣ ಅಂತಾವ್ನೆ. ನಾನೂ ಅದೇ ಅಂದೆ.”

ಯಜಮಾನರು ಅವನನ್ನು ನೋಡಿದರು. ಅವನು ಕೈ ಮುಗಿದುಕೊಂಡು ನಿಂತಿದ್ದ. ಇಷ್ಟು ವಿನಯವಾಗಿ ಬೆದರಿಕೆ ಹಾಕುವವನನ್ನು ಅವರು ಎಂದೂ ನೋಡಿರಲಾರರು. ಎಲೆಅಡಿಕೆ ಉಗಿದರು. ಕಬ್ಬಿನ ರಾಶಿಯ ತನಕ ನಡೆದು ಹೋದರು. ಮೂರು ಟ್ರಾಕ್ಟರು ಕಬ್ಬು ಇಳಿದಿತ್ತು, ಇನ್ನೆರಡು ನಾಲೆಯ ಏರಿಯ ಮೇಲೆ ಬರುತ್ತಿದ್ದವು. ನಾನು ಗಟ್ಟಿಯಾಗಿ ನಿಂತಿದ್ದೆ, ಆದರೆ ಒಳಗೆ ಹೆದರಿಕೆ ಶುರುವಾಯಿತು. ಇಬ್ಬರೂ ಹೋಗಿ ಎಂದುಬಿಟ್ಟರೆ? ನನ್ನ ಅನ್ನ ಹೋದರೆ ನಾನು ಒಪ್ಪಿಯೇ ಕಳೆದುಕೊಂಡ ಹಾಗೆ. ಭಯ್ಯನ ಅನ್ನವನ್ನು ಅವನಿಗೆ ಗೊತ್ತಿಲ್ಲದೆ ಪಣಕ್ಕಿಟ್ಟಿದ್ದೆ. ಗಾಣದ ಹತ್ತಿರ ನನ್ನ ಗಂಡ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ. ನನ್ನನ್ನು ಬಿಟ್ಟರೆ ಕನ್ನಡ, ಹಿಂದಿ ಎರಡೂ ಬಂದು, ನನ್ನ ಸುಳ್ಳು ತಿಳಿದವನು ಅವನೊಬ್ಬನೇ.

ಯಜಮಾನರು ತಿರುಗಿ ಬಂದರು.

“ಆಯ್ತು ಬುಡವ್ವ. ಇಬ್ರಿಗೂ ಕೊಟ್ಟು ಸಾಯ್ತೀನಿ. ಆ ಎರಡ್ನೇ ಒಲೆನೂ ಅಚ್ಚಿ ಇವತ್ತೇಯ. ನಿನ್ನಂತೋಳ್ನ ಕಟ್ಕೊಂಡಿರೋನು ಪುಣ್ಯಾತ್ಮ ಕಣಮ್ಮ,” ಎಂದು ನನ್ನ ಗಂಡನ ಕಡೆ ಕನಿಕರದಿಂದ ನೋಡಿ ಒಳಗೆ ಹೋದರು.

ಭಯ್ಯ ಏನಾಯಿತು ಎಂದು ತಿಳಿಯದೆ ನನ್ನ ಮುಖವನ್ನೇ ನೋಡುತ್ತಿದ್ದ. ಎರಡನೆಯ ಕೊಪ್ಪರಿಗೆ ನಿನ್ನದು, ಹಳೆಯ ಕೂಲಿ ಪೂರ್ತಿ, ನನಗೂ ಅಷ್ಟೇ ಎಂದು ಹಿಂದಿಯಲ್ಲಿ ಹೇಳಿದೆ. ಅವನಿಗೆ ನಂಬಿಕೆ ಬರಲಿಲ್ಲ. ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ.

“ನಾನು ಅರ್ಧಕ್ಕೇ ಒಪ್ಪಿದ್ದೆನಲ್ಲ ದೀದಿ?” ಎಂದ.

“ನೀನು ಒಪ್ಪಿದ್ದೆಯಪ್ಪ,” ಎಂದೆ. “ನಾನು ಒಪ್ಪಿರಲಿಲ್ಲ.”